ಸರ್ಫ್‌ಬೋರ್ಡ್ ಅಡಿಯ ಪುಟ್ಟ ರೆಕ್ಕೆ ವೇಗ ಹೆಚ್ಚಿಸುತ್ತದೆಯೇ? ಹಳೇ ದೋಣಿಯ ತುಂಡಿನಿಂದ ಅದನ್ನು ಮಾಡಿದ ಟಾಮ್ ಬ್ಲೇಕ್ ಕಥೆ

ಮುಲ್ಕಿ ಬಳಿಯ ಸಸಿಹಿತ್ಲು ಕಡಲಲ್ಲಿ ಹುಡುಗರು ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಹಲಗೆ ಮಗುಚಿದಾಗ ಅದರ ತಳವನ್ನು ಗಮನಿಸಿ. ಹಿಂಬದಿಯಲ್ಲಿ ಮೀನಿನ ಈಜುರೆಕ್ಕೆಯಂತಹ ಒಂದೋ ಮೂರೋ ತುಂಡುಗಳು ಕಾಣುತ್ತವೆ. ಇದಕ್ಕೆ ಫಿನ್ ಎನ್ನುತ್ತಾರೆ.

ಈ ಫಿನ್ ಹಲಗೆಯನ್ನು ಮುಂದಕ್ಕೆ ತಳ್ಳುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ಶಾರ್ಕ್ ಮೀನನ್ನು ನೋಡಿ ದೊಡ್ಡ ಕಂಪನಿಯೊಂದು ಇದನ್ನು ಕಂಡುಹಿಡಿಯಿತು ಎಂದು ಊಹಿಸುವವರೂ ಇದ್ದಾರೆ. ಎರಡೂ ಸರಿಯಲ್ಲ. ಇದನ್ನು ಸರ್ಫ್ ಹಲಗೆಗೆ ಮೊದಲು ಅಳವಡಿಸಿದವರೆಂದು ಸರ್ಫಿಂಗ್ ಇತಿಹಾಸ ಗುರುತಿಸುವುದು ಟಾಮ್ ಬ್ಲೇಕ್ ಎಂಬ ಅಮೆರಿಕದ ಈಜುಗಾರನನ್ನು. ಅವರು ಎಂಜಿನಿಯರಿಂಗ್ ಓದಿದವರಲ್ಲ. ಬಳಸಿದ್ದು ಯಾರೋ ಬಿಟ್ಟುಹೋಗಿದ್ದ ದೋಣಿಯ ಒಂದು ಲೋಹದ ತುಂಡು.

ಕಡಲಿಲ್ಲದ ಊರಿನ ಹುಡುಗ

ಟಾಮ್ ಬ್ಲೇಕ್ ಹುಟ್ಟಿದ್ದು 1902ರ ಮಾರ್ಚ್ 8ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ಅಲ್ಲಿಂದ ಸಾಗರ ಬಹಳ ದೂರ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಹುಡುಗ ಮುಂದೆ ಕಡಲಿನ ಇತಿಹಾಸ ಬದಲಿಸಿದಂತೆ ಅಂದುಕೊಳ್ಳಿ. ಮಗುವಿಗೆ ವರ್ಷ ತುಂಬುವ ಮುನ್ನವೇ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಬಾಲ್ಯ ಕಳೆದದ್ದು ನೆಂಟರ ಮನೆಗಳಲ್ಲಿ.

1920ರಲ್ಲಿ ಡೆಟ್ರಾಯ್ಟ್ ನಗರದ ಚಿತ್ರಮಂದಿರವೊಂದರಲ್ಲಿ ಅವರಿಗೆ ಡ್ಯೂಕ್ ಕಹಾನಮೋಕು ಎದುರಾದರು. ಹವಾಯಿಯ ಡ್ಯೂಕ್ ಆಗ ಒಲಿಂಪಿಕ್ ಚಿನ್ನ ಗೆದ್ದ ಈಜುಗಾರ, ಸರ್ಫಿಂಗ್ ಅನ್ನು ಜಗತ್ತಿಗೆ ಪರಿಚಯಿಸುತ್ತಿದ್ದ ವ್ಯಕ್ತಿ. ಬ್ಲೇಕ್ ಹೋಗಿ ಕೈಕುಲುಕಿದರು, ಅಷ್ಟೇ. ಮರುವರ್ಷವೇ ಅವರು ಲಾಸ್ ಏಂಜಲೀಸ್‌ನಲ್ಲಿದ್ದರು. ಈಜು ಸ್ಪರ್ಧೆಗಳಲ್ಲಿ ಗೆದ್ದರು, ಕಡಲತೀರದಲ್ಲಿ ಜೀವರಕ್ಷಕರಾದರು. 1924ರಲ್ಲಿ ಹವಾಯಿಗೆ ಹೋದರು. ಆಮೇಲೆ ಎಷ್ಟೋ ವರ್ಷ ಕ್ಯಾಲಿಫೋರ್ನಿಯಾ ಮತ್ತು ಹವಾಯಿ ನಡುವೆ ಓಡಾಡಿಕೊಂಡೇ ಇದ್ದರು.

ಸರ್ಫ್ ಹಲಗೆಯನ್ನು ಕಂಡುಹಿಡಿದವರು ಇವರೇ ಎಂದು ಎಲ್ಲಾದರೂ ಓದಿದರೆ ನಂಬಬೇಡಿ. ಹವಾಯಿಯ ಜನ ನೂರಾರು ವರ್ಷಗಳಿಂದ ಮರದ ಹಲಗೆಗಳಲ್ಲಿ ಅಲೆ ಏರುತ್ತಿದ್ದರು. ಬ್ಲೇಕ್ ಕಲಿತದ್ದು ಅವರಿಂದಲೇ.

ಮ್ಯೂಸಿಯಂನಿಂದ ಬಂದ ಉಪಾಯ

1926ರ ಹೊತ್ತಿಗೆ ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಹವಾಯಿಯ ನಾಯಕರು ಬಳಸುತ್ತಿದ್ದ ಹಳೆಯ ಉದ್ದ ಹಲಗೆಗಳು ಮೂಲೆ ಸೇರಿದ್ದವು. ಬ್ಲೇಕ್ ಅವುಗಳ ಬಣ್ಣ ಕೆರೆದು, ದುರಸ್ತಿ ಮಾಡಿಕೊಟ್ಟರು. ಅದೇ ಅಳತೆಯ ಒಂದು ಹಲಗೆಯನ್ನು ತಾವೂ ಮಾಡತೊಡಗಿದರು. ಆದರೆ ಅದು ವಿಪರೀತ ಭಾರ. ಆ ಕಾಲದ ದೊಡ್ಡ ಗಟ್ಟಿಮರದ ಹಲಗೆಗಳು 45 ಕಿಲೊ ದಾಟುತ್ತಿದ್ದವು. ಬ್ಲೇಕ್ ಹಲಗೆಯ ತುಂಬ ನೂರಾರು ತೂತು ಕೊರೆದು, ಒಣಗಲು ಬಿಟ್ಟು, ಮೇಲೆ ಕೆಳಗೆ ತೆಳುಮರ ಹೊದಿಸಿದರು. ಒಳಗೆ ಗಾಳಿ, ಹೊರಗೆ ಮರ. ತೂಕ ಇಳಿಯಿತು.

1928ರಲ್ಲಿ ಕ್ಯಾಲಿಫೋರ್ನಿಯಾದ ಕರೋನಾ ಡೆಲ್ ಮಾರ್‌ನಲ್ಲಿ ನಡೆದ ಪೆಸಿಫಿಕ್ ಕರಾವಳಿ ಸರ್ಫಿಂಗ್ ಸ್ಪರ್ಧೆಯನ್ನು ಅವರು ಗೆದ್ದರು. ಮುಂದೆ ತೂತು ಕೊರೆಯುವುದನ್ನೂ ಬಿಟ್ಟು, ದೋಣಿಯಂತೆ ಒಳಚೌಕಟ್ಟು ಕಟ್ಟಿ ಪೂರ್ತಿ ಟೊಳ್ಳು ಹಲಗೆ ಮಾಡಿದರು. ಅದಕ್ಕೆ 1932ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ತೀರದಿಂದ ಕ್ಯಾಟಲಿನಾ ದ್ವೀಪದವರೆಗೆ ಹಲಗೆಯ ಮೇಲೆ ಕೈಯಲ್ಲೇ ನೀರು ತಳ್ಳುತ್ತಾ, ಸುಮಾರು ಆರು ಗಂಟೆಯಲ್ಲಿ ಕಡಲು ದಾಟಿ ತೋರಿಸಿದರು.

ಹಲಗೆ ಜಾರುತ್ತಿತ್ತು

ಹಗುರ ಹಲಗೆಗೂ ಒಂದು ತೊಂದರೆ ಇತ್ತು. ತಳ ನುಣುಪು, ಸಪಾಟು. ಅಲೆಯ ಇಳಿಜಾರಿನಲ್ಲಿ ಓರೆಯಾಗಿ ಹೋಗಲು ಹೊರಟರೆ ಹಿಂಭಾಗ ಪಕ್ಕಕ್ಕೆ ಜಾರಿಬಿಡುತ್ತಿತ್ತು. ಒದ್ದೆ ಗ್ರಾನೈಟ್ ನೆಲದ ಮೇಲೆ ಚಪ್ಪಲಿ ಜಾರಿದಂತೆ. ತಿರುಗಬೇಕಾದರೆ ಸವಾರ ಒಂದು ಕಾಲನ್ನು ನೀರಿಗೆ ಇಳಿಸಿ ಎಳೆಯಬೇಕಿತ್ತು.

1935ರಲ್ಲಿ ಬ್ಲೇಕ್ ಯಾರೋ ಬಿಟ್ಟುಹೋಗಿದ್ದ ಸ್ಪೀಡ್‌ಬೋಟ್ ಒಂದರ ತಳದಿಂದ ಲೋಹದ ಪಟ್ಟಿಯನ್ನು ಕಿತ್ತರು. ಸುಮಾರು ಒಂದು ಅಡಿ ಉದ್ದ, ನಾಲ್ಕು ಇಂಚು ಆಳ. ಅದನ್ನು ತಮ್ಮ ಹಲಗೆಯ ಹಿಂಬದಿಗೆ ಬಿಗಿದು ವೈಕಿಕಿ ಅಲೆಗಳಿಗೆ ಇಳಿದರು. ಹಲಗೆ ಜಾರಲಿಲ್ಲ, ಹಿಡಿದ ದಾರಿಯಲ್ಲೇ ಸಾಗಿತು.

ಅವರು ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಜನ ಕೂಡಲೇ ಒಪ್ಪಿಕೊಳ್ಳಲೂ ಇಲ್ಲ. ಫಿನ್ ಎಲ್ಲೆಡೆ ಹರಡಲು ಸುಮಾರು ಹತ್ತು ವರ್ಷ ಹಿಡಿಯಿತು. ಇಂದು ಫಿನ್ ಇಲ್ಲದ ಸರ್ಫ್ ಹಲಗೆಯೇ ಅಪರೂಪ.

ಹಾಗಾದರೆ ಫಿನ್ ಮಾಡುವ ಕೆಲಸವೇನು?

ಗಾಳಿಪಟದ ಬಾಲಂಗೋಚಿ ನೆನಪಿಸಿಕೊಳ್ಳಿ. ಆಷಾಢದ ಗಾಳಿಯಲ್ಲಿ ಬಾಲಂಗೋಚಿ ಇಲ್ಲದ ಪಟ ಗಿರಗಿರ ಸುತ್ತುತ್ತದೆ, ಕಟ್ಟಿದರೆ ನೆಟ್ಟಗೆ ನಿಲ್ಲುತ್ತದೆ. ಬಾಣದ ಹಿಂದಿನ ಗರಿ, ದೀಪಾವಳಿ ರಾಕೆಟ್ಟಿನ ಕಡ್ಡಿ, ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಸೈನ್ಯ ಬಳಸಿದ ರಾಕೆಟ್‌ಗಳ ಉದ್ದ ಬಿದಿರು, ಇವೆಲ್ಲವೂ ಹಿಂದೆ ಇದ್ದುಕೊಂಡು ದಿಕ್ಕು ಕಾಯುವ ವಸ್ತುಗಳೇ. ಯಾವುದೂ ಮುಂದಕ್ಕೆ ತಳ್ಳುವುದಿಲ್ಲ.

ಫಿನ್ ಕೂಡ ಹಾಗೆಯೇ. ಹಲಗೆಯ ಹಿಂಭಾಗ ಪಕ್ಕಕ್ಕೆ ಜಾರಲು ಹೊರಟಾಗ ನೀರು ಫಿನ್ನಿಗೆ ಓರೆಯಾಗಿ ಬಡಿಯುತ್ತದೆ. ಆ ಒತ್ತಡ ಹಿಂಭಾಗವನ್ನು ಮತ್ತೆ ಸಾಲಿಗೆ ತರುತ್ತದೆ. ವೇಗ ಬರುವುದು ಅಲೆಯಿಂದ ಮತ್ತು ಇಳಿಜಾರಿನಲ್ಲಿ ಕೆಳಗೆ ಜಾರುವುದರಿಂದ. ನಿಜ ಹೇಳಬೇಕೆಂದರೆ ಫಿನ್ ನೀರಿಗೆ ಸ್ವಲ್ಪ ಅಡ್ಡಿಯನ್ನೇ ಒಡ್ಡುತ್ತದೆ. ಆದರೆ ಹಲಗೆ ಜಾರದೆ ಓರೆಯಾಗಿ ಓಡಲು ಅದು ನೆರವಾಗುವುದರಿಂದ ಸವಾರ ಅಲೆಯ ಜೊತೆ ಹೆಚ್ಚು ಹೊತ್ತು ಇರಬಲ್ಲ. ನೋಡುವವರಿಗೆ ವೇಗ ಹೆಚ್ಚಿದಂತೆ ಕಾಣುವುದು ಇದಕ್ಕೇ.

ಮನೆಯಲ್ಲೇ ಫಿನ್ ಮಾಡುವವರು

ಬ್ಲೇಕ್ ತೋರಿಸಿದ ಹಾದಿಯಲ್ಲಿ ಇಂದಿಗೂ ಹಲವರು ತಮ್ಮ ಫಿನ್ ತಾವೇ ಮಾಡಿಕೊಳ್ಳುತ್ತಾರೆ. ರಟ್ಟಿನಲ್ಲಿ ಆಕಾರ ಕತ್ತರಿಸಿ, ನೀರು ತಡೆಯುವ ಪ್ಲೈವುಡ್ ಮೇಲಿಟ್ಟು ಗೆರೆ ಎಳೆದು, ಗರಗಸದಲ್ಲಿ ಕೊಯ್ಯುತ್ತಾರೆ. ಆಮೇಲೆ ಉಜ್ಜುವ ಕೆಲಸ. ಮುಂಭಾಗದ ಅಂಚು ದುಂಡಗೆ, ಹಿಂಭಾಗದ ಅಂಚು ತೆಳ್ಳಗೆ, ಅತಿ ದಪ್ಪ ಭಾಗ ಮುಂದಿನಿಂದ ಮೂರನೇ ಒಂದು ಪಾಲಿನ ಸುಮಾರಿಗೆ. ಉಜ್ಜುತ್ತಾ ಹೋದಂತೆ ಪ್ಲೈವುಡ್ಡಿನ ಪದರಗಳು ಒಂದೊಂದಾಗಿ ಗೆರೆಗಳಂತೆ ಕಾಣಿಸಿಕೊಳ್ಳುತ್ತವೆ. ಎರಡೂ ಬದಿಯ ಗೆರೆ ಒಂದೇ ರೀತಿ ಬಂದರೆ ಆಕಾರ ಸಮ ಇದೆ ಎಂದರ್ಥ. ನಡುವಿನ ಫಿನ್ನಿಗೆ ಈ ಸಮತೆ ಮುಖ್ಯ. ಪಕ್ಕದ ಫಿನ್ನುಗಳಿಗೆ ಸಾಮಾನ್ಯವಾಗಿ ಒಳಬದಿ ಚಪ್ಪಟೆ, ಹೊರಬದಿ ಉಬ್ಬು. ಕೊನೆಗೆ ಫೈಬರ್‌ಗ್ಲಾಸ್ ಬಟ್ಟೆ ಸುತ್ತಿ ರೆಸಿನ್ ಬಳಿಯುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಫೈಬರ್ ಬಾಗಿಲು, ತೊಟ್ಟಿ ಮಾಡುವ ಶೆಡ್‌ಗಳಲ್ಲಿ ದುಡಿದವರಿಗೆ ಅದರ ತುರಿಕೆ ಗೊತ್ತು. ಉಜ್ಜುವಾಗ ಏಳುವ ಧೂಳು ಚರ್ಮ, ಕಣ್ಣು, ಶ್ವಾಸನಾಳ ಮೂರಕ್ಕೂ ಕೆಟ್ಟದ್ದು. ಕೆಲಸ ಮುಗಿಸಿ ಬೆಲ್ಲ ತಿಂದರೆ ಧೂಳು ಹೊರಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂರುವುದು ಶ್ವಾಸಕೋಶದಲ್ಲಿ. ಎರಡರ ದಾರಿ ಬೇರೆ. ಕರವಸ್ತ್ರವೂ ಸಾಲದು. ಎನ್95 ಮಾಸ್ಕ್, ಕನ್ನಡಕ, ಕೈಗವಸು ಬೇಕು. ನೀರು ಹಾಕಿ ಉಜ್ಜಿದರೆ ಧೂಳು ಕಡಿಮೆ.

ಹಲಗೆ ಜೀವ ಉಳಿಸಿತು

ಬ್ಲೇಕ್ ಬದುಕಿನಲ್ಲಿ ನಮಗೆ ಹೆಚ್ಚು ಹತ್ತಿರದ ಭಾಗ ಇದು. ಅವರ ಟೊಳ್ಳು ಹಲಗೆ ಆಟಕ್ಕಷ್ಟೇ ಸೀಮಿತವಾಗಲಿಲ್ಲ. ಅಮೆರಿಕದ ಜೀವರಕ್ಷಕರು ಮುಳುಗುತ್ತಿದ್ದವರ ಬಳಿ ಬೇಗ ತಲುಪಲು ಅದನ್ನು ಬಳಸತೊಡಗಿದರು. ಈಜಿಗಿಂತ ವೇಗ, ಜೊತೆಗೆ ಮುಳುಗುತ್ತಿದ್ದವರಿಗೆ ಹಿಡಿದುಕೊಳ್ಳಲು ಆಸರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ಲೇಕ್ ಅಮೆರಿಕದ ಕೋಸ್ಟ್ ಗಾರ್ಡ್‌ನಲ್ಲಿ ಸೇವೆ ಸಲ್ಲಿಸಿದರು.

ನಮ್ಮ ಕಡೆಯಿಂದ ಗೋಕರ್ಣ, ಮುರ್ಡೇಶ್ವರಕ್ಕೆ ರಜೆಗೆ ಹೋಗುವವರು ಬಹಳ. ಕೆರೆ, ಬಾವಿಯಲ್ಲಿ ಈಜು ಕಲಿತ ಧೈರ್ಯಕ್ಕೆ ಕಡಲಿಗಿಳಿಯುವವರೂ ಇದ್ದಾರೆ. ಕಡಲು ಕಾಲು ಹಿಡಿದು ಆಳಕ್ಕೆ ಎಳೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ದಡಕ್ಕೆ ಬಂದ ನೀರು ಕಿರಿದಾದ ದಾರಿಯಲ್ಲಿ ರಭಸದಿಂದ ಹಿಂದಿರುಗುತ್ತದೆ. ಅದು ನಿಮ್ಮನ್ನು ಕೆಳಕ್ಕಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಅದರ ಎದುರು ಈಜಿ ಸುಸ್ತಾಗುವುದೇ ಅಪಾಯ. ಸಿಕ್ಕಿಕೊಂಡರೆ ತೇಲಿ, ಕೈಯೆತ್ತಿ ಕೂಗಿ, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಸೆಳೆತದಿಂದ ಹೊರಬನ್ನಿ. ನೋಡುತ್ತಿರುವವರು ಹಾರಿ ಹೋಗಬೇಡಿ. ಜೀವರಕ್ಷಕರನ್ನು ಕರೆಯಿರಿ, ತೇಲುವ ವಸ್ತು ಎಸೆಯಿರಿ.

ಕೊನೆಯ ದಿನಗಳು

ವಯಸ್ಸಾದ ಮೇಲೆ ಬ್ಲೇಕ್ ಹುಟ್ಟಿದ ರಾಜ್ಯ ವಿಸ್ಕಾನ್ಸಿನ್‌ಗೆ ಮರಳಿದರು. ಸಸ್ಯಾಹಾರ, ಸರಳ ಬದುಕು. ಪ್ರಕೃತಿಯೇ ದೇವರು ಎಂಬ ತಮ್ಮ ನಂಬಿಕೆಯನ್ನು ಅಲ್ಲಿನ ಬಂಡೆಯೊಂದರಲ್ಲಿ ಕೆತ್ತಿದರು. 1994ರ ಮೇ 5ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸೇರಿದ್ದು 2021ರಲ್ಲಿ. ಅಲ್ಲಿ ಅಲೆ ಸೀಳಿದ ಹಲಗೆಗಳ ಅಡಿಯಲ್ಲೂ ಫಿನ್ನುಗಳಿದ್ದವು.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

ಫಿನ್ ಹಲಗೆಯನ್ನು ತಳ್ಳುವುದಿಲ್ಲ, ದಿಕ್ಕು ಕಾಯುತ್ತದೆ.

ಸರ್ಫ್ ಹಲಗೆ ಹವಾಯಿ ಜನರದು. ಟೊಳ್ಳು ಹಲಗೆ ಮತ್ತು ಫಿನ್ ಟಾಮ್ ಬ್ಲೇಕ್ ಅವರ ಕೊಡುಗೆ.

ಬೆಲ್ಲ ಮಾಸ್ಕ್‌ಗೆ ಬದಲಿ ಅಲ್ಲ.

ಕಡಲ ಸೆಳೆತದ ಎದುರು ಈಜಬೇಡಿ, ಪಕ್ಕಕ್ಕೆ ಈಜಿ. ಈ ಒಂದು ಸಾಲನ್ನು ರಜೆಗೆ ಕರಾವಳಿಗೆ ಹೊರಟಿರುವವರಿಗೆ ತಪ್ಪದೆ ಕಳುಹಿಸಿ.