ಗಾಳಿಯನ್ನು ಅಳೆದ ಪ್ರಾಧ್ಯಾಪಕ: ಆಲ್ಬರ್ಟ್ ಫ್ರಾನ್ಸಿಸ್ ಜಾಮ್

ಧರ್ಮಸಭೆಯ ಚರಿತ್ರೆಯನ್ನು ಸ್ಮರಿಸುವಾಗ ನಾವು ಸಂತರನ್ನೂ ಧರ್ಮಾಧ್ಯಕ್ಷರನ್ನೂ ಗುರುವರ್ಯರನ್ನೂ ಮೊದಲು ನೆನೆಯುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಗುರುದೀಕ್ಷೆಯನ್ನಾಗಲಿ ಸನ್ಯಾಸವ್ರತವನ್ನಾಗಲಿ ಕೈಕೊಳ್ಳದೆ, ಪಾಠಶಾಲೆ ಪ್ರಯೋಗಶಾಲೆಗಳಲ್ಲೇ ಬಾಳನ್ನು ಸವೆಸಿದ ವಿಶ್ವಾಸಿಗಳೂ ಅದೇ ಚರಿತ್ರೆಗೆ ಸೇರಿದವರು. ಅಂಥವರಲ್ಲೊಬ್ಬರು ಅಮೆರಿಕದ ಯಂತ್ರಶಾಸ್ತ್ರ ಪ್ರಾಧ್ಯಾಪಕ ಆಲ್ಬರ್ಟ್ ಫ್ರಾನ್ಸಿಸ್ ಜಾಮ್. ಅವರ ಬಾಳಿನಲ್ಲಿ ನಮಗೆ ಮಾದರಿಯೂ ಇದೆ, ಎಚ್ಚರಿಕೆಯೂ ಇದೆ.

ಜಾಮ್ ಅವರು 1862ರಲ್ಲಿ ಒಹಾಯೊ ಸಂಸ್ಥಾನದ ನ್ಯೂ ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. ಅವರ ಅಣ್ಣ ಜಾನ್ ಆಗಸ್ಟೀನ್ ಜಾಮ್ ಅವರು ಪವಿತ್ರ ಶಿಲುಬೆಯ ಸಭೆಗೆ ಸೇರಿದ ಗುರುಗಳು, ಭೌತಶಾಸ್ತ್ರದ ಅಧ್ಯಾಪಕರು. ಇಂಡಿಯಾನಾ ಸಂಸ್ಥಾನದಲ್ಲಿ ಆ ಸಭೆಯವರು 1842ರಲ್ಲಿ ಸ್ಥಾಪಿಸಿದ ನೋಟರ್ ಡೇಮ್ ವಿದ್ಯಾಪೀಠದಲ್ಲಿ ವಿಜ್ಞಾನ ಮಂದಿರವನ್ನು ಕಟ್ಟಿಸಿದವರು ಅವರೇ. ಅಣ್ಣನು ಪಾಠ ಹೇಳುತ್ತಿದ್ದ ಆ ವಿದ್ಯಾಪೀಠದಲ್ಲಿಯೇ ತಮ್ಮನೂ ಕಲಿತು 1883ರಲ್ಲಿ ಪದವೀಧರರಾದರು.

ಮನುಷ್ಯನು ಹಾರಬಲ್ಲನೆಂದರೆ ವಿದ್ಯಾವಂತರೂ ನಗುತ್ತಿದ್ದ ಕಾಲವದು. ಆದರೂ ತರುಣ ಜಾಮ್ 1882ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಕೈಯಿಂದ ತಿರುಗಿಸಿ ಗಾಳಿ ಬೀಸುವ ಒಂದು ಸಾಧನವನ್ನು ರಚಿಸಿ, ರೆಕ್ಕೆಯ ಮಾದರಿಗಳನ್ನು ಗಾಳಿಯು ಎಷ್ಟು ಎತ್ತುತ್ತದೆ, ಎಷ್ಟು ತಡೆಯುತ್ತದೆ ಎಂಬುದನ್ನು ಹೋಲಿಸಿ ನೋಡಿದರು. ಅನಂತರ ಅದೇ ವಿದ್ಯಾಪೀಠದಲ್ಲಿ ಗಣಿತವನ್ನೂ ಯಂತ್ರಶಾಸ್ತ್ರವನ್ನೂ ಬೋಧಿಸಿದರು. 1892ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಯನ್ನೂ, 1898ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನೂ ಪಡೆದರು. ಈ ಎರಡರ ನಡುವೆ, 1893ರಲ್ಲಿ, ಷಿಕಾಗೋ ನಗರದಲ್ಲಿ ವಿಶ್ವಮೇಳ ನಡೆದಾಗ, ಹಿರಿಯ ಇಂಜಿನಿಯರ್ ಆಕ್ಟೇವ್ ಶನೂಟ್ ಅವರನ್ನು ಒಪ್ಪಿಸಿ ಆಕಾಶಯಾನವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವನ್ನು ಕೂಡಿಸಿದರು. ಗೇಲಿಗೆ ವಸ್ತುವಾಗಿದ್ದ ವಿಷಯವು ಅಲ್ಲಿ ಇಂಜಿನಿಯರುಗಳ ಗಂಭೀರ ಚರ್ಚೆಗೆ ವಸ್ತುವಾಯಿತು.

1895ರಲ್ಲಿ ಅವರು ವಾಷಿಂಗ್ಟನ್ನಿನ ಕಥೋಲಿಕ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅವರ ಶ್ರೇಷ್ಠ ಸಾಧನೆ ನಡೆದದ್ದು ಇಲ್ಲಿಯೇ. 1901ರಲ್ಲಿ ಹ್ಯೂಗೋ ಮಟುಲಾಥ್ ಎಂಬವರ ಧನಸಹಾಯದಿಂದ 40 ಅಡಿ ಉದ್ದದ, 6 ಅಡಿ ಅಗಲ 6 ಅಡಿ ಎತ್ತರದ ಗಾಳಿಸುರಂಗವೊಂದನ್ನು ಕಟ್ಟಿಸಿದರು. ಮರುವರ್ಷ ಮಟುಲಾಥ್ ತೀರಿಕೊಂಡರು. ಆದರೂ ಪ್ರಯೋಗಗಳು ನಿಲ್ಲಲಿಲ್ಲ.

ಆ ಪ್ರಯೋಗಗಳ ಮಹತ್ವವನ್ನು ಇಲ್ಲಿ ತುಸು ವಿವರಿಸಬೇಕು. ಚಲಿಸುವ ವಸ್ತುವನ್ನು ಗಾಳಿಯು ಎದುರಿನಿಂದ ಒತ್ತಿ ತಡೆಯುತ್ತದೆಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ನುಣುಪಾದ ಮೇಲ್ಮೈಯನ್ನು ಸವರಿಕೊಂಡು ಹೋಗುವ ಗಾಳಿಯೂ ಘರ್ಷಣೆಯಿಂದ ಅದನ್ನು ಹಿಂದಕ್ಕೆಳೆಯುತ್ತದೆಯೇ? ಅದು ಗಣನೆಗೆ ಬಾರದಷ್ಟು ಅಲ್ಪವೆಂದು ಪ್ರಸಿದ್ಧ ವಿಜ್ಞಾನಿ ಲ್ಯಾಂಗ್ಲಿಯವರೇ ಭಾವಿಸಿದ್ದರು. ಜಾಮ್ ಅವರು ಬೇರೆ ಬೇರೆ ಉದ್ದದ ನುಣುಪು ಹಲಗೆಗಳನ್ನು ಸುರಂಗದಲ್ಲಿ ತೂಗಿಬಿಟ್ಟು, ಆ ಎಳೆತವನ್ನು ಸೂಕ್ಷ್ಮವಾಗಿ ಅಳೆದರು. ಅದು ಅಲ್ಪವಲ್ಲ, ಗಾಳಿಯ ವೇಗದ 1.85ನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂದು ಕಂಡರು. ಅಂದರೆ ವೇಗ ಇಮ್ಮಡಿಯಾದರೆ ಘರ್ಷಣೆ ಸುಮಾರು ಮೂರೂವರೆ ಪಟ್ಟಾಗುತ್ತದೆ. 1904ರಲ್ಲಿ ಪ್ರಕಟವಾದ ಈ ಫಲಿತಾಂಶವು ವಿಮಾನರಚನೆಯ ಲೆಕ್ಕಾಚಾರಕ್ಕೆ ಹೊಸ ಆಧಾರವಾಯಿತು. ದೊಡ್ಡವರ ಮಾತೆಂದು ನಂಬದೆ ಅಳೆದು ನೋಡಿದುದೇ ಅವರ ಹಿರಿಮೆ.

ಇನ್ನು ಅವರ ಬಾಳಿನ ಕಹಿ ಅಧ್ಯಾಯಕ್ಕೆ ಬರೋಣ. 1903ರ ಡಿಸೆಂಬರ್ 8ರಂದು ಲ್ಯಾಂಗ್ಲಿಯವರ ಯಂತ್ರವು ಎರಡನೆಯ ಸಲ ಪೊಟೋಮ್ಯಾಕ್ ನದಿಗೆ ಬಿತ್ತು. ಒಂಬತ್ತೇ ದಿನಗಳಲ್ಲಿ ರೈಟ್ ಸಹೋದರರು ಹಾರಿದರು. ಮುಂದೆ ರೈಟ್ ಸಹೋದರರಿಗೂ ವಿಮಾನ ತಯಾರಕ ಗ್ಲೆನ್ ಕರ್ಟಿಸ್‌ಗೂ ಪೇಟೆಂಟಿನ ವ್ಯಾಜ್ಯ ಹತ್ತಿದಾಗ, ಜಾಮ್ ಕರ್ಟಿಸ್ ಪಕ್ಷದ ತಜ್ಞಸಾಕ್ಷಿಯಾದರು. 1914ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯು ಲ್ಯಾಂಗ್ಲಿಯವರ ಹಳೆಯ ಯಂತ್ರವನ್ನು ಕರ್ಟಿಸ್ ಕೈಗೇ ಕೊಟ್ಟು ಹಾರಿಸಿತು. ಪರೀಕ್ಷೆಯ ವರದಿಯನ್ನು ಬರೆದವರು ಜಾಮ್. ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನವೆಂಬ ಕೀರ್ತಿಯನ್ನು ಆ ವರದಿ ಲ್ಯಾಂಗ್ಲಿಯವರಿಗೆ ಸಲ್ಲಿಸಿತು. ಆದರೆ ಹಾರಿಸುವ ಮುನ್ನ ಯಂತ್ರದಲ್ಲಿ ಮಾಡಿದ್ದ ಮುಖ್ಯ ಮಾರ್ಪಾಟುಗಳನ್ನು ಅದು ಸರಿಯಾಗಿ ತಿಳಿಸಲಿಲ್ಲ. ನೊಂದ ಆರ್ವಿಲ್ ರೈಟ್ ತಮ್ಮ ವಿಮಾನವನ್ನು 1928ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟರು. 1942ರಲ್ಲಿ ಸಂಸ್ಥೆಯು ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ವಿಮಾನವು ತಾಯ್ನಾಡಿಗೆ ಮರಳಿದ್ದು 1948ರಲ್ಲಿ. ಅಷ್ಟರಲ್ಲಿ ಆರ್ವಿಲ್ ಗತಿಸಿದ್ದರು. ಜಾಮ್ ಮಾತ್ರ 1945ರಲ್ಲಿ ಬರೆದ ಗ್ರಂಥದಲ್ಲಿಯೂ ಇತರ ಆದ್ಯ ಸಾಹಸಿಗಳ ಹಿರಿಮೆಯನ್ನೇ ಎತ್ತಿಹಿಡಿದರು.

ಈ ಕಳಂಕವನ್ನು ನಾವು ಮುಚ್ಚಿಡುವುದಿಲ್ಲ. ಹಾಗೆಂದು ಅವರ ಸೇವೆಯನ್ನು ಮರೆಯುವುದೂ ನ್ಯಾಯವಲ್ಲ. ಮೊದಲ ಮಹಾಯುದ್ಧದ ಕಾಲದಿಂದ 1929ರವರೆಗೆ ಅವರು ಅಮೆರಿಕದ ನೌಕಾಪಡೆಯ ವಾಯುವಿಜ್ಞಾನ ಪ್ರಯೋಗಶಾಲೆಯ ನಿರ್ದೇಶಕರಾಗಿದ್ದರು. ಆಮೇಲೆ 1946ರವರೆಗೆ ಅಮೆರಿಕ ಕಾಂಗ್ರೆಸ್ಸಿನ ಗ್ರಂಥಾಲಯದಲ್ಲಿ ವಿಮಾನಶಾಸ್ತ್ರ ಪೀಠವನ್ನು ಅಲಂಕರಿಸಿದರು. ತಪಸ್ಸುಕಾಲದ ನಾಲ್ಕನೆಯ ಭಾನುವಾರದ ಹೆಸರನ್ನು ಹೊತ್ತ ಲೆತಾರೆ ಪದಕವನ್ನು ನೋಟರ್ ಡೇಮ್ ವಿದ್ಯಾಪೀಠವು 1925ರಲ್ಲಿ ಅವರಿಗಿತ್ತು ಗೌರವಿಸಿತು. ಅಮೆರಿಕದ ಕಥೋಲಿಕರಿಗೆ ಅದು ಬಹು ದೊಡ್ಡ ಮನ್ನಣೆ. ಅವಿವಾಹಿತರಾಗಿಯೇ ಉಳಿದ ಜಾಮ್, 1954ರಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ, ತಾವು ಓದಿದ ವಿದ್ಯಾಪೀಠದ ನೆರೆಯ ಸೌತ್ ಬೆಂಡ್ ನಗರದಲ್ಲಿ ಕೊನೆಯುಸಿರೆಳೆದರು.

ಕಣ್ಣಿಗೆ ಕಾಣದ ಗಾಳಿಯ ಎಳೆತವನ್ನು ನಿಷ್ಪಕ್ಷಪಾತವಾಗಿ ಅಳೆದ ಕೈ, ಸಹಮಾನವನ ಕೀರ್ತಿಯನ್ನು ಅಳೆಯುವಾಗ ಒಂದು ಕಡೆಗೆ ವಾಲಿತು. ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದ ನಮಗೆ ಇದರಲ್ಲಿ ಪಾಠವಿದೆ. ಸತ್ಯದ ಒಂದು ಭಾಗವನ್ನು ಹೇಳದೆ ಬಿಟ್ಟರೂ ನೆರೆಯವನಿಗೆ ಅನ್ಯಾಯವಾದೀತು. ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ಲೆಕ್ಕವನ್ನು ನೋಡುವ ಈ ಸುಸಂದರ್ಭದಲ್ಲಿ ನಾವು ಜಾಮ್ ಅವರ ಶ್ರಮನಿಷ್ಠೆಯನ್ನು ಅನುಸರಿಸೋಣ. ಸ್ನೇಹಿತನಿಗೂ ಎದುರಾಳಿಗೂ ಒಂದೇ ಅಳತೆಗೋಲನ್ನು ಹಿಡಿಯುವ ವರವನ್ನು ಪ್ರಭುವಿನಲ್ಲಿ ಬೇಡಿಕೊಳ್ಳೋಣ.