ಶಾಂತಿ ಕಾಯ್ದ ಸೇನಾನಿ

ರಣರಂಗದಲ್ಲಿ ಜಯ ಗಳಿಸಿದ ಸೇನಾನಿಗಳ ಹೆಸರುಗಳು ಚರಿತ್ರೆಯ ಪುಟಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಆದರೆ ಯುದ್ಧ ಮುಗಿದ ಬಳಿಕ ಎರಡು ಪಕ್ಷಗಳ ನಡುವೆ ನಿಂತು, ಇಬ್ಬರ ಸಂಶಯವನ್ನೂ ಸಹಿಸಿ, ಶಾಂತಿಯನ್ನು ಕಾಪಾಡಿದ ಸೇನಾನಿಗಳು ವಿರಳ. ಅಂತಹ ವಿರಳರಲ್ಲಿ ಕನ್ನಡ ನಾಡಿನ ಜನರಲ್ ತಿಮ್ಮಯ್ಯನವರು ಒಬ್ಬರು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ನೆಯ ಇಸವಿ ಮಾರ್ಚ್ 31ರಂದು ಕೊಡಗಿನ ಮಡಿಕೇರಿಯಲ್ಲಿ ಜನಿಸಿದರು. ಅವರದು ಕಾಫಿ ತೋಟಗಳನ್ನು ಹೊಂದಿದ್ದ ಅನುಕೂಲಸ್ಥ ಮನೆತನ. ತಾಯಿ ಸೀತಮ್ಮನವರು ಸಮಾಜಸೇವೆಗೆ ಹೆಸರಾಗಿದ್ದರು. ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ವ್ಯಾಸಂಗ ಮಾಡಿದ ಬಾಲಕನು ಮುಂದೆ ದೆಹರಾದೂನಿನ ಸೈನಿಕ ವಿದ್ಯಾಲಯವನ್ನು ಸೇರಿದನು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಆಯ್ಕೆಯಾಗಿ, 1926ರಲ್ಲಿ ಸೇನಾಧಿಕಾರಿಯ ಪದವಿಯನ್ನು ಪಡೆದನು. ಭಾರತೀಯರಿಗೆ ಅಂತಹ ಪದವಿಗಳು ಬೆರಳೆಣಿಕೆಯಷ್ಟು ಮಾತ್ರ ದೊರೆಯುತ್ತಿದ್ದ ಕಾಲವದು.

ತಿಮ್ಮಯ್ಯನವರು ಸೇರಿದ ಪಡೆಯ ಹೆಸರು ಹೈದರಾಬಾದ್ ರೆಜಿಮೆಂಟ್. ನಿಜಾಮರ ಸಂಸ್ಥಾನದಲ್ಲಿ ಹುಟ್ಟಿದ ಸೈನ್ಯದ ತುಕಡಿಗಳೇ ಅದರ ಮೂಲ. 1945ರಲ್ಲಿ ಅದಕ್ಕೆ ಕುಮಾವೂ ರೆಜಿಮೆಂಟ್ ಎಂಬ ಹೆಸರಾಯಿತು. 1935ರಲ್ಲಿ ಅವರು ನೀನಾ ಕಾರ್ಯಪ್ಪ ಅವರನ್ನು ವಿವಾಹವಾದರು. ಅದೇ ವರ್ಷ ಕ್ವೆಟ್ಟಾ ನಗರವು ಭೀಕರ ಭೂಕಂಪಕ್ಕೆ ತುತ್ತಾಯಿತು. ಅಲ್ಲಿಯೇ ಇದ್ದ ದಂಪತಿಗಳು ಸಂತ್ರಸ್ತರ ಸೇವೆಗೆ ನಿಂತರು. ನೊಂದವರ ನಡುವೆ ಜಾತಿ ಮತಗಳನ್ನೆಣಿಸದೆ ದುಡಿಯುವ ಪಾಠವನ್ನು ಅವರು ಅಲ್ಲಿ ಕಲಿತರು.

ಎರಡನೆಯ ಮಹಾಯುದ್ಧದಲ್ಲಿ ತಿಮ್ಮಯ್ಯನವರು ಬರ್ಮಾದ ಅರಕಾನ್ ಪ್ರದೇಶದಲ್ಲಿ ತಮ್ಮ ದಳವನ್ನು ಮುನ್ನಡೆಸಿ ಶೌರ್ಯಪದಕವನ್ನು ಗಳಿಸಿದರು. ಸಮರಾಂಗಣದಲ್ಲಿ ಬ್ರಿಗೇಡೊಂದರ ನಾಯಕತ್ವ ವಹಿಸಿದ ಮೊದಲ ಭಾರತೀಯರೆಂಬ ಕೀರ್ತಿ ಅವರಿಗೆ ಸಂದಿತು. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನೀ ಸೇನೆ ಶರಣಾಗತವಾದಾಗ ಭಾರತದ ಪ್ರತಿನಿಧಿಯಾಗಿ ಅವರು ಉಪಸ್ಥಿತರಿದ್ದರು. ಆದರೆ ಅದೇ ಯುದ್ಧದಲ್ಲಿ ಅವರ ಅಣ್ಣನು ಆಜಾದ್ ಹಿಂದ್ ಫೌಜನ್ನು ಸೇರಿ ಎದುರು ಪಕ್ಷದಲ್ಲಿದ್ದನು. ಯುದ್ಧವು ಒಂದೇ ಮನೆಯ ಮಕ್ಕಳನ್ನೂ ಬೇರೆ ಬೇರೆ ಪಾಳೆಯಗಳಲ್ಲಿ ನಿಲ್ಲಿಸಬಲ್ಲುದೆಂಬುದು ಅವರಿಗೆ ಅನುಭವಸಿದ್ಧವಾದ ಸತ್ಯವಾಗಿದ್ದಿತು.

ಕೋಟ್ಯಂತರ ಜೀವಗಳನ್ನು ನುಂಗಿದ ಆ ಯುದ್ಧದ ಬೂದಿಯಿಂದಲೇ ವಿಶ್ವಸಂಸ್ಥೆಯು ಜನ್ಮ ತಾಳಿತು. ಮೊದಲನೆಯ ಮಹಾಯುದ್ಧದ ತರುವಾಯ ಸ್ಥಾಪಿತವಾಗಿದ್ದ ರಾಷ್ಟ್ರಗಳ ಸಂಘವು ಆಕ್ರಮಣಗಳನ್ನು ತಡೆಯಲಾರದೆ ವಿಫಲವಾಗಿದ್ದಿತು. ಅದರಿಂದ ಪಾಠ ಕಲಿತ ರಾಷ್ಟ್ರಗಳು 1945ರ ಅಕ್ಟೋಬರ್ 24ರಂದು ಹೊಸ ಸಂಸ್ಥೆಯನ್ನು ಆಚರಣೆಗೆ ತಂದವು. ಅದರ 51 ಮೂಲಸದಸ್ಯ ರಾಷ್ಟ್ರಗಳಲ್ಲಿ ಭಾರತವೂ ಒಂದು. ರಾಷ್ಟ್ರಗಳ ಜಗಳಗಳು ಗುಂಡಿನಿಂದಲ್ಲದೆ ಮಾತಿನಿಂದ ಬಗೆಹರಿಯಬೇಕು, ಹಸಿವು ರೋಗ ಅಜ್ಞಾನಗಳನ್ನು ಎಲ್ಲರೂ ಕೂಡಿ ಎದುರಿಸಬೇಕು ಎಂಬುದೇ ಅದರ ಧ್ಯೇಯ.

ಈ ಸಂಸ್ಥೆಯ ಬಾಗಿಲಿಗೆ 1948ರಲ್ಲಿ ಭಾರತದ ಎರಡು ಪ್ರಶ್ನೆಗಳು ಹೋದವು. ಒಂದು ಕಾಶ್ಮೀರದ್ದು, ಮತ್ತೊಂದು ಹೈದರಾಬಾದಿನದು. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳೆಲ್ಲವೂ ಅಂದು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ರಜಾಕಾರರ ಹಾವಳಿಯಿಂದ ಅಲ್ಲಿಯ ಗ್ರಾಮಗಳು ತಲ್ಲಣಿಸುತ್ತಿದ್ದವು. ಆ ವರ್ಷದ ಆಗಸ್ಟಿನಲ್ಲಿ ನಿಜಾಮ ಸರ್ಕಾರವು ಭದ್ರತಾ ಸಮಿತಿಗೆ ದೂರು ಸಲ್ಲಿಸಿತು. ಸೆಪ್ಟೆಂಬರ್ 16ರಂದು ಪ್ಯಾರಿಸಿನಲ್ಲಿ ಸಮಿತಿಯು ಅದನ್ನು ಚರ್ಚೆಗೆ ಎತ್ತಿಕೊಂಡಾಗ, ಮೈಸೂರಿನ ದಿವಾನರಾಗಿದ್ದ ರಾಮಸ್ವಾಮಿ ಮೊದಲಿಯಾರರು ಭಾರತದ ವಾದವನ್ನು ಮಂಡಿಸಿದರು. ಮರುದಿನವೇ ನಿಜಾಮರ ಸೈನ್ಯವು ಶರಣಾಯಿತು. ಕೆಲವೇ ದಿನಗಳಲ್ಲಿ ನಿಜಾಮರು ದೂರನ್ನು ಹಿಂದೆಗೆದುಕೊಂಡರು. ಶಹಾಬಾದದ ಕಲ್ಲುಗಣಿಗಳಲ್ಲಿ ದುಡಿಯುತ್ತಿದ್ದ ಕೂಲಿಕಾರನ, ಚಿಂಚೋಳಿಯ ಹೊಲಗಳಲ್ಲಿ ಜೋಳ ಬೆಳೆಯುತ್ತಿದ್ದ ಒಕ್ಕಲಿಗನ ಭವಿಷ್ಯವು ಸಾವಿರಾರು ಮೈಲಿಗಳಾಚೆಯ ಸಭಾಂಗಣದಲ್ಲಿ ಪ್ರಸ್ತಾಪವಾಗಿದ್ದಿತು. ವಿಶ್ವಸಂಸ್ಥೆ ಯಾರಿಗೂ ದೂರದ ವಿಷಯವಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಕಾಶ್ಮೀರದ ಪ್ರಶ್ನೆ ಅಷ್ಟು ಬೇಗ ಮುಗಿಯಲಿಲ್ಲ. ಅಲ್ಲಿ ಸೇನೆಯ ಒಂದು ವಿಭಾಗವನ್ನು ನಡೆಸುತ್ತಿದ್ದವರು ತಿಮ್ಮಯ್ಯನವರು. 1948ರ ನವೆಂಬರ್ 1ರಂದು 11,000 ಅಡಿಗಳಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ, ಲಡಾಖಿನ ದಾರಿಯನ್ನು ಅವರು ತೆರೆದರು. ಅಷ್ಟು ಎತ್ತರಕ್ಕೆ ಟ್ಯಾಂಕುಗಳು ಬಂದಾವೆಂದು ಶತ್ರುಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ಎರಡು ತಿಂಗಳು ಕಳೆಯುವುದರೊಳಗೆ, 1949ರ ಜನವರಿ 1ರಂದು, ವಿಶ್ವಸಂಸ್ಥೆಯ ಪ್ರಯತ್ನದಿಂದ ಕದನವಿರಾಮವು ಜಾರಿಗೆ ಬಂದಿತು. ಗೆಲುವಿನ ಹಾದಿಯಲ್ಲಿದ್ದ ಸೇನಾನಿಗೆ ಶಸ್ತ್ರವನ್ನು ಕೆಳಗಿಡುವುದು ಸುಲಭವಲ್ಲ. ಆದರೂ ಸೈನಿಕನ ಕರ್ತವ್ಯವೆಂದು ತಿಳಿದು ಅವರು ಆಜ್ಞೆಗೆ ತಲೆಬಾಗಿದರು.

ಅವರ ನಿಜವಾದ ಪರೀಕ್ಷೆ ಕೊರಿಯಾದಲ್ಲಿ ಕಾದಿದ್ದಿತು. 1950ರ ಜೂನ್ ತಿಂಗಳಲ್ಲಿ ಆರಂಭವಾದ ಕೊರಿಯಾ ಯುದ್ಧವು 1953ರ ಜುಲೈ 27ರಂದು ನಿಂತಿತು. ಆದರೆ ಯುದ್ಧಕೈದಿಗಳ ಸಮಸ್ಯೆಯು ಸಂಧಾನವನ್ನು ಬಹುಕಾಲ ತಡೆಹಿಡಿದಿದ್ದಿತು. ಸೆರೆಸಿಕ್ಕ ಎಲ್ಲರನ್ನೂ ಸ್ವದೇಶಕ್ಕೆ ಕಳುಹಿಸಬೇಕೆಂದು ಒಂದು ಪಕ್ಷ ವಾದಿಸಿದರೆ, ಇಷ್ಟವಿಲ್ಲದವರನ್ನು ಬಲವಂತದಿಂದ ಕಳುಹಿಸಲಾಗದೆಂದು ಇನ್ನೊಂದು ಪಕ್ಷ ಪಟ್ಟು ಹಿಡಿದಿದ್ದಿತು. ಕೊನೆಗೆ ಭಾರತವು ಸೂಚಿಸಿದ್ದ ಮಾರ್ಗದಂತೆಯೇ ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚಿತವಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾಗಳು ಸದಸ್ಯ ರಾಷ್ಟ್ರಗಳಾದವು. ಭಾರತದ ಪರವಾಗಿ ತಿಮ್ಮಯ್ಯನವರು ಅಧ್ಯಕ್ಷರಾದರು. ಸದಸ್ಯರು ಇಬ್ಬಿಬ್ಬರಾಗಿ ಒಡೆದಾಗ ಅಧ್ಯಕ್ಷರ ಮತವೇ ನಿರ್ಣಾಯಕವಾಗುತ್ತಿದ್ದಿತು.

ಮೊದಲ ಅಡಚಣೆ ಅಲ್ಲಿಗೆ ತಲುಪುವುದರಲ್ಲಿಯೇ ಎದುರಾಯಿತು. ದಕ್ಷಿಣ ಕೊರಿಯಾ ಸರ್ಕಾರವು ತನ್ನ ನೆಲದ ಮೇಲೆ ಭಾರತೀಯ ಸೈನಿಕರು ಕಾಲಿಡಕೂಡದೆಂದು ಹಟ ಹಿಡಿಯಿತು. ಆದುದರಿಂದ ಹಡಗುಗಳಿಂದ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ನೇರವಾಗಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಜನರಲ್ ತೋರಾತರ ನಾಯಕತ್ವದಲ್ಲಿ ಸುಮಾರು 6,000 ಮಂದಿ ಭಾರತೀಯ ಯೋಧರು ಅಲ್ಲಿ ಬೀಡುಬಿಟ್ಟರು. ಆ ಶಿಬಿರಕ್ಕೆ ಹಿಂದ್ ನಗರವೆಂದು ಹೆಸರಿಟ್ಟರು.

ಅವರ ವಶಕ್ಕೆ ಬಂದ ಕೈದಿಗಳಲ್ಲಿ ಒಂದು ಪಕ್ಷದವರು 22,000ಕ್ಕೂ ಹೆಚ್ಚು, ಮತ್ತೊಂದು ಪಕ್ಷದವರು 359. ಪ್ರತಿಯೊಬ್ಬ ಕೈದಿಯೂ ತನ್ನ ದೇಶದ ಪ್ರತಿನಿಧಿಗಳ ವಿವರಣೆಯನ್ನು ಕೇಳಿ, ತನ್ನ ಇಚ್ಛೆಯನ್ನು ತಿಳಿಸಬೇಕಾಗಿದ್ದಿತು. ವಿವರಣೆಯ ಡೇರೆಗೆ ಎರಡು ಬಾಗಿಲುಗಳು. ಒಂದರಿಂದ ಹೊರಟರೆ ಹುಟ್ಟಿದ ನಾಡು, ಇನ್ನೊಂದರಿಂದ ಹೊರಟರೆ ಹಿಂದಿರುಗದ ಹಾದಿ. ಶಿಬಿರಗಳ ಒಳಗೆ ಸಂಘಟಿತ ಗುಂಪುಗಳು ಇತರ ಕೈದಿಗಳನ್ನು ಬೆದರಿಸುತ್ತಿದ್ದವು, ಗಲಭೆಗಳು ನಡೆದವು, ಭಾರತೀಯ ಅಧಿಕಾರಿಯೊಬ್ಬರನ್ನು ಕೈದಿಗಳು ಒತ್ತೆಯಾಳಾಗಿ ಹಿಡಿದರು. ಗುಂಡು ಹಾರಿಸುವುದು ಅನಿವಾರ್ಯವಾದ ಸಂದರ್ಭಗಳು ಒದಗಿ, ಪ್ರಾಣಹಾನಿಯೂ ಆಯಿತು. ಆದರೂ ಸಂಯಮವೇ ತಮ್ಮ ಮುಖ್ಯ ಆಯುಧವೆಂದು ಭಾರತೀಯ ಪಡೆಯು ಬಗೆಯಿತು.

ವಿವರಣೆಗೆಂದು ಗೊತ್ತುಮಾಡಿದ್ದ 90 ದಿನಗಳಲ್ಲಿ ಕೆಲಸ ನಡೆದುದು ಕೆಲವು ದಿನಗಳು ಮಾತ್ರ. ಅವಧಿಯನ್ನು ಬೆಳೆಸಬೇಕೆಂದು ಒಂದು ಪಕ್ಷ ಒತ್ತಾಯಿಸಿತು. ಕೈದಿಗಳನ್ನು ಬಿಡುಗಡೆ ಮಾಡಬೇಕೆಂದು ಮತ್ತೊಂದು ಪಕ್ಷ ಒತ್ತಾಯಿಸಿತು. ಒಪ್ಪಂದವು ತಮಗೆ ಕೊಡದ ಅಧಿಕಾರವನ್ನು ತಿಮ್ಮಯ್ಯನವರು ತಾವಾಗಿ ಚಲಾಯಿಸಲಿಲ್ಲ. 1954ರ ಜನವರಿ ತಿಂಗಳಲ್ಲಿ ಉಳಿದ ಕೈದಿಗಳನ್ನು ಯಾರಿಂದ ಪಡೆದಿದ್ದರೋ ಅವರಿಗೇ ಒಪ್ಪಿಸಿದರು. ಆ ವೇಳೆಗೆ 600ಕ್ಕೂ ಹೆಚ್ಚು ಮಂದಿ ತಮ್ಮ ದೇಶಕ್ಕೆ ಮರಳಲು ಬಯಸಿ ಹೋಗಿದ್ದರು. ಎರಡೂ ಪಕ್ಷಗಳನ್ನು ಒಲ್ಲದ 88 ಮಂದಿ ಭಾರತೀಯ ಪಡೆಯೊಡನೆ ಭಾರತಕ್ಕೆ ಬಂದರು. ಯಾವ ಪಕ್ಷವೂ ಪೂರ್ಣ ತೃಪ್ತಿಗೊಳ್ಳಲಿಲ್ಲ. ಆದರೆ ಕದನವಿರಾಮವು ಮುರಿಯಲಿಲ್ಲ. ಅದೇ ವರ್ಷ ಭಾರತ ಸರ್ಕಾರವು ತಿಮ್ಮಯ್ಯನವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಆ ಅನುಭವಗಳನ್ನು ಅವರು ಬರೆದಿಟ್ಟಿದ್ದು, ಅದು ಅವರ ಮರಣಾನಂತರ ಗ್ರಂಥರೂಪದಲ್ಲಿ ಪ್ರಕಟವಾಯಿತು.

1957ರಿಂದ 1961ರವರೆಗೆ ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದು ಅವರು ನಿವೃತ್ತರಾದರು. ಕೊಡಗಿನ ತಂಪಿನಲ್ಲಿ ವಿಶ್ರಾಂತಿಯ ದಿನಗಳನ್ನು ಕಳೆಯಬಹುದಾಗಿದ್ದಿತು. ಆದರೆ 1964ರಲ್ಲಿ ವಿಶ್ವಸಂಸ್ಥೆಯ ಕರೆ ಬಂದಿತು. ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ ಸೈಪ್ರಸ್ 1960ರಲ್ಲಿ ಸ್ವತಂತ್ರವಾಗಿದ್ದಿತು; ಮೂರೇ ವರ್ಷಗಳಲ್ಲಿ ಅಲ್ಲಿಯ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ರಕ್ತಪಾತವಾಯಿತು. ನೆರೆಹೊರೆಯವರು ಬದ್ಧವೈರಿಗಳಾದರು. 1964ರ ಮಾರ್ಚ್ 4ರಂದು ಭದ್ರತಾ ಸಮಿತಿಯು ಅಲ್ಲಿಗೆ ಶಾಂತಿಪಾಲನಾ ಪಡೆಯನ್ನು ಕಳುಹಿಸಲು ನಿರ್ಣಯಿಸಿತು. ಅದರ ಮೊದಲ ದಂಡನಾಯಕರೂ ಭಾರತೀಯರೇ ಆದ ಜನರಲ್ ಗ್ಯಾನಿ. ಅವರ ತರುವಾಯ ಆ ಹೊಣೆಯನ್ನು ತಿಮ್ಮಯ್ಯನವರು ಹೊತ್ತರು.

ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸೈನಿಕರು ಅವರ ಅಧೀನದಲ್ಲಿದ್ದರು. ಈ ಸೈನಿಕರಿಗೆ ಗೆಲ್ಲಬೇಕಾದ ಕೋಟೆಯಿರಲಿಲ್ಲ, ಶತ್ರುವೂ ಇರಲಿಲ್ಲ. ಆತ್ಮರಕ್ಷಣೆಗಲ್ಲದೆ ಅವರು ಶಸ್ತ್ರವನ್ನು ಬಳಸುವಂತಿರಲಿಲ್ಲ. ಎರಡು ಹಳ್ಳಿಗಳ ನಡುವೆ ಕಾವಲು ನಿಲ್ಲುವುದು, ಮುಚ್ಚಿದ ರಸ್ತೆಗಳನ್ನು ತೆರೆಸುವುದು, ಭಯದಿಂದ ಹೊಲಕ್ಕೆ ಹೋಗಲಾರದ ರೈತನು ಪೈರನ್ನು ಕೊಯ್ದುಕೊಳ್ಳುವಂತೆ ಮಾಡುವುದು, ಇವೇ ಅವರ ಕೆಲಸಗಳು. ಅದೇ ವರ್ಷದ ಆಗಸ್ಟಿನಲ್ಲಿ ದ್ವೀಪದ ವಾಯುವ್ಯ ತೀರದಲ್ಲಿ ಕಾಳಗ ನಡೆದು, ತುರ್ಕಿಯ ವಿಮಾನಗಳು ಬಾಂಬುಗಳನ್ನು ಸುರಿಸಿದಾಗ ದೊಡ್ಡ ಯುದ್ಧವೇ ಹೊತ್ತಿಕೊಳ್ಳುವ ಭೀತಿಯಿದ್ದಿತು. ಭದ್ರತಾ ಸಮಿತಿಯ ಕರೆಯಿಂದ ಅದು ನಿಂತಿತು. ನಿಂತುದನ್ನು ಉಳಿಸಿಕೊಳ್ಳುವ ಭಾರವು ತಿಮ್ಮಯ್ಯನವರ ಪಡೆಯ ಮೇಲೆ ಬಿದ್ದಿತು.

ಈ ಕರ್ತವ್ಯದಲ್ಲಿರುವಾಗಲೇ, 1965ರ ಡಿಸೆಂಬರ್ ತಿಂಗಳಲ್ಲಿ, ಹೃದಯಾಘಾತದಿಂದ ಅವರು ಸೈಪ್ರಸಿನಲ್ಲಿ ನಿಧನರಾದರು. ಅವರ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಅಂತ್ಯಸಂಸ್ಕಾರ ನೆರವೇರಿಸಲಾಯಿತು. ಸೈಪ್ರಸ್ ದೇಶವು 1966ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿ ಕೃತಜ್ಞತೆಯನ್ನು ಸೂಚಿಸಿತು. ಮಡಿಕೇರಿಯ ಅವರ ಮನೆಯು 2021ರಲ್ಲಿ ಸ್ಮಾರಕ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು.

ವಿಶ್ವಸಂಸ್ಥೆಯು ಎಲ್ಲ ಯುದ್ಧಗಳನ್ನೂ ತಡೆದಿಲ್ಲವೆಂಬುದು ನಿಜ. ಕಾಶ್ಮೀರದ ಪ್ರಶ್ನೆಯನ್ನು ಅದು ಬಗೆಹರಿಸಲಿಲ್ಲ. 1974ರಲ್ಲಿ ಸೈಪ್ರಸ್ ಮತ್ತೆ ಯುದ್ಧಕ್ಕೀಡಾಗಿ ಇಬ್ಭಾಗವಾಯಿತು. ಬಲಾಢ್ಯ ರಾಷ್ಟ್ರಗಳು ಒಪ್ಪದಿದ್ದಲ್ಲಿ ಅದರ ಕೈ ಕಟ್ಟಿದಂತಾಗುತ್ತದೆ. ಆದರೆ ಬೇಲಿಯೊಂದು ಮುರಿಯಿತೆಂದು ರೈತನು ಬೇಲಿ ಕಟ್ಟುವುದನ್ನೇ ಬಿಡುವುದಿಲ್ಲ. ಎರಡು ಪಾಳೆಯಗಳ ನಡುವೆ ನಿಲ್ಲುವವರು ಯಾರೂ ಇಲ್ಲದಿದ್ದರೆ ಕೊರಿಯಾದ ಸಾವಿರಾರು ಕೈದಿಗಳ ಗತಿ ಏನಾಗುತ್ತಿದ್ದಿತು, ಸೈಪ್ರಸಿನ ರೈತನ ಪೈರು ಯಾರ ಪಾಲಾಗುತ್ತಿದ್ದಿತು ಎಂಬುದನ್ನು ಯೋಚಿಸಿದರೆ ಅಂತಹ ಸಂಸ್ಥೆಗಳ ಉಪಯುಕ್ತತೆಯು ಮನವರಿಕೆಯಾಗುತ್ತದೆ. ಯುದ್ಧವನ್ನು ಬಲ್ಲವನೇ ಶಾಂತಿಯ ಬೆಲೆಯನ್ನೂ ಬಲ್ಲನೆಂಬುದಕ್ಕೆ ಜನರಲ್ ತಿಮ್ಮಯ್ಯನವರ ಬಾಳು ಸಾಕ್ಷಿಯಾಗಿ ನಿಂತಿದೆ.