ಸರ್ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ (1819–1903): ಪ್ರತಿದೀಪ್ತಿ ಮಾಪನದ ಮೂಲಪುರುಷರು

ಸರ್ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್‌ರವರು 1819ರ ಆಗಸ್ಟ್ 13ರಂದು ಐರ್ಲೆಂಡಿನ ಸ್ಲೈಗೋ ಕೌಂಟಿಯ ಸ್ಕ್ರೀನ್ ಎಂಬ ಗ್ರಾಮದಲ್ಲಿ ಜನಿಸಿದರು. ಇವರ ತಂದೆಯವರು ಅಲ್ಲಿನ ಚರ್ಚಿನ ಪಾದ್ರಿಗಳಾಗಿದ್ದರು. 1837ರಲ್ಲಿ ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜನ್ನು ಸೇರಿದ ಇವರು 1841ರ ಗಣಿತ ಪದವಿ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಹಿಂದೆ ಐಸಾಕ್ ನ್ಯೂಟನ್‌ರವರು ಅಲಂಕರಿಸಿದ್ದ ಲುಕೇಸಿಯನ್ ಪ್ರಾಧ್ಯಾಪಕ ಪೀಠಕ್ಕೆ 1849ರಲ್ಲಿ ನೇಮಕಗೊಂಡು, ಜೀವಿತಾವಧಿಯವರೆಗೂ ಆ ಹುದ್ದೆಯಲ್ಲಿಯೇ ಮುಂದುವರಿದರು. ದ್ರವಗಳ ಚಲನೆಯನ್ನು ಕುರಿತ ನೇವಿಯರ್-ಸ್ಟೋಕ್ಸ್ ಸಮೀಕರಣಗಳಿಂದ ಇವರ ಹೆಸರು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಆದರೆ ಪ್ರಯೋಗಾಲಯಗಳಿಗೆ ಇವರಿಂದ ದೊರೆತ ಕೊಡುಗೆ ಬೇರೊಂದು ಸಂಶೋಧನೆಯಿಂದ ಬಂದುದಾಗಿದೆ.

ಮಲೇರಿಯಾ ಜ್ವರಕ್ಕೆ ಔಷಧಿಯಾದ ಕ್ವಿನೈನ್‌ನ ಸಲ್ಫೇಟ್ ದ್ರಾವಣವು ನೋಡಲು ನೀರಿನಂತೆ ತಿಳಿಯಾಗಿರುತ್ತದೆ. ಬಿಸಿಲು ಬಿದ್ದ ಬದಿಯಲ್ಲಿ ಮಾತ್ರ ಅದು ನೀಲಿಯಾಗಿ ಹೊಳೆಯುತ್ತದೆ. ಒಮ್ಮೆ ಈ ದ್ರಾವಣವನ್ನು ಹಾಯ್ದು ಬಂದ ಬೆಳಕು ಎರಡನೆಯ ಪಾತ್ರೆಯಲ್ಲಿನ ಅದೇ ದ್ರಾವಣವನ್ನು ಹೊಳೆಯಿಸುವುದಿಲ್ಲ. 1845ರಲ್ಲಿ ಇದನ್ನು ವರದಿ ಮಾಡಿದ ಜಾನ್ ಹರ್ಷೆಲ್‌ರವರು ಇದು ದ್ರವದ ಮೇಲ್ಮೈಗೆ ಸಂಬಂಧಿಸಿದ ವಿಶೇಷ ಗುಣವೆಂದು ಭಾವಿಸಿದ್ದರು. ಅಷ್ಟು ಸೂಕ್ಷ್ಮ ವೀಕ್ಷಕರಿಗೂ ಕಾರಣವು ಗೋಚರಿಸದೆ ಹೋದುದು ಗಮನಾರ್ಹ.

ಸ್ಟೋಕ್ಸ್‌ರವರು ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಬಣ್ಣಗಳಾಗಿ ಬಿಡಿಸಿ, ಕ್ವಿನೈನ್ ತುಂಬಿದ ಪ್ರನಾಳವನ್ನು ಕೆಂಪಿನಿಂದ ನೇರಳೆಯ ಕಡೆಗೆ ಮೆಲ್ಲನೆ ಸರಿಸಿದರು. ಬಹುತೇಕ ಬಣ್ಣಗಳಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ನೇರಳೆಯ ಅಂಚನ್ನು ತಲುಪಿದಾಗ ದ್ರಾವಣವು ನೀಲಿಯಾಗಿ ಬೆಳಗಿತು; ಕಣ್ಣಿಗೆ ಕಾಣದ ನೇರಳಾತೀತ ಭಾಗದಲ್ಲಿಯೂ ಬೆಳಗಿತು. ಆರಂಭದಲ್ಲಿ ಪ್ರನಾಳದ ಒಳಕ್ಕೂ ಹರಡಿದ್ದ ಹೊಳಪು, ಮುಂದೆ ಸರಿಸಿದಂತೆಲ್ಲಾ ಬೆಳಕು ಪ್ರವೇಶಿಸುವ ಬದಿಯ ತೆಳು ಪದರಕ್ಕೆ ಸೀಮಿತವಾಯಿತು. ದ್ರಾವಣವೇ ಆ ಕಿರಣಗಳನ್ನು ಮೊದಲ ಪದರದಲ್ಲಿ ಹೀರಿಕೊಂಡು, ಹೆಚ್ಚಿನ ತರಂಗಾಂತರದ ನೀಲಿ ಬೆಳಕನ್ನಾಗಿ ಹೊರಸೂಸುತ್ತದೆ. ಒಳಗಿನ ಪದರಗಳಿಗೆ ಕಿರಣಗಳೇ ತಲುಪುವುದಿಲ್ಲ. ಹರ್ಷೆಲ್‌ರವರ ಒಗಟು ಹೀಗೆ ಬಿಡಿಸಲ್ಪಟ್ಟಿತು. 1852ರಲ್ಲಿ ರಾಯಲ್ ಸೊಸೈಟಿಗೆ ಸಲ್ಲಿಸಿದ ಸುಮಾರು ನೂರು ಪುಟಗಳ ಪ್ರಬಂಧದ ಅಡಿಟಿಪ್ಪಣಿಯೊಂದರಲ್ಲಿ, ಫ್ಲೋರ್‌ಸ್ಪಾರ್ ಖನಿಜದ ಹೆಸರಿನಿಂದ ಈ ವಿದ್ಯಮಾನಕ್ಕೆ ಫ್ಲೂರೆಸೆನ್ಸ್, ಅಂದರೆ ಪ್ರತಿದೀಪ್ತಿ, ಎಂದು ನಾಮಕರಣ ಮಾಡಿದರು. ಅದೇ ವರ್ಷ ಇವರಿಗೆ ರಮ್‌ಫೋರ್ಡ್ ಪದಕ ಲಭಿಸಿತು.

ಮಾದರಿಯೇ ಬೆಳಕನ್ನು ನುಂಗುವ ಈ ಗುಣವು ಇಂದಿಗೂ ಮಾಪನದಲ್ಲಿ ದೋಷವನ್ನುಂಟುಮಾಡುತ್ತದೆ. 1 ಸೆಂ.ಮೀ. ಅಗಲದ ಸಾಮಾನ್ಯ ಕೋಶದಲ್ಲಿ ಹೀರಿಕೆಯ ಅಂಕ 0.1 ಇದ್ದರೆ ಕೋಶದ ಮಧ್ಯಭಾಗಕ್ಕೆ ಶೇ. 89ರಷ್ಟು ಬೆಳಕು ತಲುಪುತ್ತದೆ. ಅಂಕವು 1 ಆದರೆ ಶೇ. 32 ಮಾತ್ರ. ಪರಿಣಾಮವಾಗಿ, ಗಾಢವಾದ ಮಾದರಿಯಲ್ಲಿ ಪದಾರ್ಥವು ಹೆಚ್ಚಿದ್ದರೂ ಉಪಕರಣವು ಕಡಿಮೆ ತೋರಿಸುತ್ತದೆ. ಇದನ್ನು ಸರಿಪಡಿಸಲು, ಒಳಹೋಗುವ ಹಾಗೂ ಹೊರಬರುವ ಬೆಳಕಿನ ತರಂಗಾಂತರಗಳಲ್ಲಿನ ಹೀರಿಕೆಯ ಅಂಕಗಳನ್ನು ಕೂಡಿಸಿ ಅರ್ಧಮಾಡಿ, 10ನ್ನು ಆ ಘಾತಕ್ಕೇರಿಸಿ, ಬಂದ ಸಂಖ್ಯೆಯಿಂದ ಅಳತೆಯನ್ನು ಗುಣಿಸಲಾಗುತ್ತದೆ. ಈ ಸೂತ್ರವು ಸ್ಟೋಕ್ಸ್‌ರವರದಲ್ಲ, ನಂತರದ ಕಾಲದ್ದು. ಹೀರಿಕೆಯು ಅತಿಯಾಗಿದ್ದಲ್ಲಿ ಸೂತ್ರವೂ ಸಾಲದು. ಮಾದರಿಯನ್ನು ದುರ್ಬಲಗೊಳಿಸಿಯೇ ಅಳೆಯಬೇಕಾಗುತ್ತದೆ. ಕುಡಿಯುವ ನೀರಿನಲ್ಲಿನ ಯುರೇನಿಯಂ, ಆಹಾರದಲ್ಲಿನ ರೈಬೋಫ್ಲೇವಿನ್ ಮುಂತಾದವುಗಳನ್ನು ಪ್ರತಿದೀಪ್ತಿಯಿಂದ ಅಳೆಯುವಾಗ ಇದು ಅನ್ವಯಿಸುತ್ತದೆ. ಆದ್ದರಿಂದ ಪರೀಕ್ಷಾ ವರದಿಯಲ್ಲಿ ದುರ್ಬಲಗೊಳಿಸಿದ ಪ್ರಮಾಣವು ನಮೂದಾಗಿದ್ದಲ್ಲಿ, ಅದನ್ನು ಮಾದರಿಯು ಕೆಟ್ಟಿದೆ ಎಂಬುದರ ಸೂಚನೆಯೆಂದು ಅರ್ಜಿದಾರರು ಭಾವಿಸಬೇಕಾಗಿಲ್ಲ.

ಹೊಳಪು ಕುಗ್ಗಲು ಹೀರಿಕೆಯೊಂದೇ ಕಾರಣವಲ್ಲ. ಕ್ಲೋರೈಡ್ ಸೇರಿದಾಗ ಕ್ವಿನೈನ್‌ನ ಹೊಳಪು ನಂದುವುದನ್ನು ಸ್ಟೋಕ್ಸ್‌ರವರೇ ಗಮನಿಸಿದ್ದರು. ಅದಕ್ಕೆ ಮೇಲಿನ ತಿದ್ದುಪಡಿ ಅನ್ವಯಿಸುವುದಿಲ್ಲ. 1864ರಲ್ಲಿ, ಸಾವಯವ ಪದಾರ್ಥಗಳನ್ನು ಗುರುತಿಸಲು ಹೀರಿಕೆ ಮತ್ತು ಪ್ರತಿದೀಪ್ತಿಗಳೆರಡನ್ನೂ ಬಳಸಬಹುದೆಂದು ಇವರು ರಸಾಯನವಿಜ್ಞಾನಿಗಳಿಗೆ ವಿವರಿಸಿದರು.

1857ರಲ್ಲಿ ಮೇರಿ ರಾಬಿನ್ಸನ್‌ರವರನ್ನು ವಿವಾಹವಾದಾಗ, ಅಂದಿನ ನಿಯಮದಂತೆ ಕಾಲೇಜಿನ ಫೆಲೋ ಸ್ಥಾನವನ್ನು ತ್ಯಜಿಸಬೇಕಾಯಿತು. ನಿಯಮವು ಬದಲಾದ ಬಳಿಕ 1869ರಲ್ಲಿ ಅದು ಮರಳಿ ದೊರೆಯಿತು. 1854ರಿಂದ 1885ರವರೆಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿಗಳಾಗಿ, ನಂತರ 1890ರವರೆಗೆ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. 1889ರಲ್ಲಿ ಬ್ಯಾರೊನೆಟ್ ಪದವಿಗೂ, 1893ರಲ್ಲಿ ಕಾಪ್ಲಿ ಪದಕಕ್ಕೂ ಪಾತ್ರರಾದರು. 1903ರ ಫೆಬ್ರವರಿ 1ರಂದು ಕೇಂಬ್ರಿಜ್‌ನಲ್ಲಿ ನಿಧನ ಹೊಂದಿದರು.